ಮೂರು ಪಟ್ಟಿ, ಒಂದು ಪಟ್ಟಿ

ಸೆಪ್ಟೆಂಬರ್ 24, ಭಾನುವಾರ, ಬೆಳಿಗ್ಗೆ 9.20. ತೊಯೊನೈ ಪೊಲೀಸ್ ಠಾಣೆಗೆ ಬಂದ ಹಿರಾಗುಚಿ ಶೋಝೋ ಎಂಬ ಅರವತ್ತೇಳರ ನಿವೃತ್ತ ಸೈನಿಕರು ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿಂತೇ ದೂರು ಹೇಳಿದರು. ಎರಡು ವರ್ಷದ ಹಿಂದೆ ತಾಲೀಮಿನಲ್ಲಿ ಟ್ರಕ್ ಮಗುಚಿ ತೀರಿಕೊಂಡ ಅವರ ಒಬ್ಬನೇ ಮಗ ನಾವೊಯಾನ ಸಮಾಧಿ ಕಲ್ಲನ್ನು ಯಾರೋ ಹಾಳುಮಾಡಿದ್ದರು.

ಬರೆದುಕೊಂಡವನು ಇನ್‌ಸ್ಪೆಕ್ಟರ್ ಸುಗೆನೊ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ, ಎಡ ಮೊಣಕಾಲು ಆಗಲೇ ನಿವೃತ್ತಿಯಾಗಿತ್ತು. ಹಿರಿಯರ ಸಮಾಧಿಗೆ ಹೂವಿಡುವ ವಾರದಲ್ಲೂ ಜನಕ್ಕೆ ಸುಮ್ಮನಿರಲು ಆಗುವುದಿಲ್ಲವಲ್ಲ ಎಂದು ಅವನಿಗೆ ಬೇಸರವಾಯಿತು.

"ಏನೇನು ಹಾಳಾಗಿದೆ?"

"ಹೆಸರು ಹಾಗೇ ಇದೆ. ದರ್ಜೆ ಮಾತ್ರ ಕೆತ್ತಿ ತೆಗೆದಿದ್ದಾರೆ. ನನ್ನ ಮಗ ಸಾನ್ಸೋ, ಸಾರ್, ಸಾರ್ಜೆಂಟರಲ್ಲಿ ಮೊದಲ ಮೆಟ್ಟಿಲು. ಸಾನ್ಸೋ ಹಿರಾಗುಚಿ ನಾವೊಯಾ ಅಂತ ಬರ್ಕೊಳ್ಳಿ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ."

ಎಫ್‌ಐಆರ್ ಆಯಿತು. 10.45ಕ್ಕೆ ಸಮಾಧಿ ಇರುವ ದೇವಾಲಯದ ಅರ್ಚಕರನ್ನೂ ಹೂವಿನಂಗಡಿಯವನನ್ನೂ ಸಾಕ್ಷಿಗಳಾಗಿ ನಿಲ್ಲಿಸಿಕೊಂಡು ಪಂಚನಾಮೆ ಮಾಡಿದರು. ಹೆಸರಿನ ಮೇಲಿದ್ದ ನಾಲ್ಕು ಅಕ್ಷರಗಳ ಜಾಗದಲ್ಲಿ ಒರಟಾದ ಗುಳಿ ಬಿದ್ದಿತ್ತು. ಕಲ್ಲುಕುಟಿಗನ ಕೆಲಸವಲ್ಲ, ಉಳಿ ಅಲ್ಲಲ್ಲಿ ಜಾರಿದ ಗುರುತಿತ್ತು. ಆದರೆ ಪುಡಿ ಒಂದು ಚೂರೂ ಬಿದ್ದಿರಲಿಲ್ಲ. ಯಾರೋ ಗುಡಿಸಿ, ಕಲ್ಲು ತೊಳೆದು, ಊದುಬತ್ತಿ ಹಚ್ಚಿ, ಸೇವಂತಿಗೆ ಇಟ್ಟು ಹೋಗಿದ್ದರು.

"ಹಾಳುಮಾಡೋಕೆ ಬಂದೋನು ಪೂಜೆನೂ ಮಾಡ್ಕೊಂಡು ಹೋಗಿದ್ದಾನೆ, ಸಾರ್," ಎಂದಳು ಕಾನ್‌ಸ್ಟೇಬಲ್ ಮಿಗಿತಾ. ಹೂದಾನಿಯ ಕೆಳಗೆ ಅವಳಿಗೆ ಸಮವಸ್ತ್ರಕ್ಕೆ ಹೊಲಿಯುವ ದರ್ಜೆಯ ಬಟ್ಟೆ ಬಿಲ್ಲೆಯೊಂದು ಸಿಕ್ಕಿತು. ಚೆರಿ ಹೂವು, ಅದರಡಿ ಮೂರು ಪಟ್ಟಿ.

ಸುಗೆನೊ ಅದನ್ನು ತಂದೆಗೆ ತೋರಿಸಿದ. "ಇದು ಯಾರದ್ದು?"

ಹಿರಾಗುಚಿ ಒಮ್ಮೆ ನೋಡಿ ಮುಖ ತಿರುಗಿಸಿದರು. "ಗೊತ್ತಿಲ್ಲ."

ಮಿಗಿತಾ ಹುಷಾರಿನ ಹುಡುಗಿ. ಸಾನ್ಸೋಗೆ ಒಂದು ಪಟ್ಟಿ ಎಂದು ಕೇಳಿ ತಿಳಿದುಕೊಂಡಳು. ಹಾಗಾದರೆ ಮೂರು ಪಟ್ಟಿಯವನು ಅವನಿಗಿಂತ ದೊಡ್ಡವನು ಎಂದು ತೀರ್ಮಾನಿಸಿ, ಊರಿನ ಸೇನಾ ಠಾಣ್ಯದಲ್ಲಿ ಮೂರು ಪಟ್ಟಿಯ ಸಾರ್ಜೆಂಟರು ಎಷ್ಟು ಜನ ಎಂದು ಹೆಸರುಗಳ ಯಾದಿ ತರಿಸಿದಳು. ಅರವತ್ತೊಂದು. ಸೋಮವಾರ, ಮಂಗಳವಾರ ಎರಡೂ ದಿನ ಅವರ ಹೇಳಿಕೆಗಳಲ್ಲೇ ಕಳೆದವು. ಭಾನುವಾರದ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಹಿರಿಯರ ಸಮಾಧಿಗಳಿಗೇ ಹೋಗಿದ್ದರು.

27, ಬುಧವಾರ, 11.10. ಠಾಣ್ಯದ ಗೇಟಿನೆದುರು ನಲವತ್ತು ವರ್ಷದಿಂದ ಸಮವಸ್ತ್ರ ಹೊಲಿಯುವ ಮುರೋಯಾ ಅಜ್ಜಿ, ಮಿಗಿತಾ ತೋರಿಸಿದ ಬಿಲ್ಲೆ ನೋಡಿ ನಕ್ಕಳು.

"ಅಯ್ಯೋ ನಿನ್ನ! ಇದು ಸಾರ್ಜೆಂಟಂದಲ್ಲ ಕಣಮ್ಮ. ಅವ್ರದ್ದಕ್ಕೆ ಕೆಳಗೆ ಬಾಗಿದ ಗೆರೆ ಇರುತ್ತೆ. ಇದು ಶಿಚೋದು. ಸಿಪಾಯಿಗಳಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಲು. ಅದು ದಾಟಿದ್ರೆ ಮತ್ತೆ ಒಂದು ಪಟ್ಟಿಯಿಂದ ಶುರು, ಅದೇ ಸಾನ್ಸೋ."

"ಮೂರು ಹೋಗಿ ಒಂದು ಬಂದ್ರೆ ಬಡ್ತಿನಾ?"

"ಮತ್ತೆ? ಆ ಒಂದು ಸಿಕ್ರೆ ಪಡೆಯಲ್ಲಿ ಕಾಯಂ. ಸಿಗದಿದ್ರೆ ಕರಾರು ಮುಗಿದ ದಿನ ಗಂಟುಮೂಟೆ ಕಟ್ಕೊಂಡು ಮನೆಗೆ." ಅಜ್ಜಿ ಬಿಲ್ಲೆಯನ್ನು ತಿರುಗಿಸಿದಳು. ಅವಳ ನಗು ನಿಂತಿತು. "ಈ ಕಂದು ದಾರ ನಂದೇ. ಆ ವಾರ ಹಸಿರು ಮುಗಿದಿತ್ತು. ಇದು ನಾವೊಯಾಂದು. ಸತ್ತ ಮೇಲೆ ಅವನಿಗೆ ಸಾನ್ಸೋ ಕೊಟ್ರಲ್ಲ, ಹೆಣಕ್ಕೆ ತೊಡಿಸೋ ಅಂಗಿ ತಂದಿದ್ದು ಅವನ ತುಕಡಿ ಮುಖ್ಯಸ್ಥ ಕಿಜಿಮಾ. ನಾನು ಹಳೇ ಜೋಡಿ ಬಿಚ್ಚಿ ಹೊಸದು ಹೊಲಿದೆ. ಹಳೇದನ್ನ ಅವನೇ ಜೇಬಿಗೆ ಹಾಕ್ಕೊಂಡ."

ಅಂಗಡಿಯಿಂದ ಹೊರಬಂದ ಸುಗೆನೊ ಬಿಲ್ಲೆಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. ಸೈನ್ಯದಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಮಾಡಿದ ಹಿರಾಗುಚಿಗೆ ಶಿಚೋ ಬಿಲ್ಲೆಯ ಗುರುತು ಹತ್ತಲಿಲ್ಲವೇ?

ಮಧ್ಯಾಹ್ನ 3.40ಕ್ಕೆ ಠಾಣ್ಯದ ಅಧಿಕಾರಿಯ ಎದುರಿನಲ್ಲಿ ಸಾರ್ಜೆಂಟ್ ಕಿಜಿಮಾನನ್ನು, ವಯಸ್ಸು 41, ಬಂಧಿಸಿದರು. ಕಾರಿನ ಡಿಕ್ಕಿಯಲ್ಲಿ ಬೂದು ಪುಡಿ ಮೆತ್ತಿದ ಉಳಿ ಇತ್ತು. ಅಂಗಿಯ ಒಳಜೇಬಿನಲ್ಲಿ ಜೋಡಿಯ ಇನ್ನೊಂದು ಬಿಲ್ಲೆ. ಅವನು ಏನನ್ನೂ ನಿರಾಕರಿಸಲಿಲ್ಲ.

"ಯಾಕೆ ಮಾಡಿದ್ರಿ?"

"ಆ ದರ್ಜೆ ಅವನು ಮೂರು ಸಲ ಕೇಳಿದ. ಮೂರು ಸಲವೂ 'ಅರ್ಹನಲ್ಲ' ಅಂತ ಬರೆದವನು ನಾನು. ಇನ್ನೊಂದು ಸಲ ನೋಡ್ತೀನಿ ಅಂತ ಕರಾರು ಮುಂದುವರಿಸ್ಕೊಂಡ. ಆ ಚಳಿಗಾಲದಲ್ಲೇ ಟ್ರಕ್ ಮಗುಚ್ತು. ಪ್ರತಿ ತಿಂಗಳು ಅಲ್ಲಿ ಹೋಗಿ ನಿಂತಾಗ ಆ ಅಕ್ಷರ ನನ್ನನ್ನೇ ಆಡ್ಕೊಳ್ಳೋದು, ಸಾರ್."

"ನಿಜವಾಗ್ಲೂ ಅರ್ಹನಿರಲಿಲ್ವಾ?"

"ನನ್ನ ತುಕಡಿಯಲ್ಲಿ ಅವನಷ್ಟು ಒಳ್ಳೆಯವನು ಇನ್ನೊಬ್ಬ ಇರಲಿಲ್ಲ."

"ಮತ್ಯಾಕೆ ಹಾಗೆ ಬರೆದ್ರಿ?"

"ಒಬ್ರು ಕೇಳ್ಕೊಂಡಿದ್ರು."

"ಯಾರು?"

ಕಿಜಿಮಾ ಹೆಸರು ಹೇಳಲು ಒಪ್ಪಲಿಲ್ಲ. ಶಿಕ್ಷೆಯಾದರೆ ಕೆಲಸ ಹೋಗುತ್ತದೆ, ಎಂದು ಸುಗೆನೊ ನೆನಪಿಸಿದ. "ಹೋಗ್ಲಿ ಬಿಡಿ," ಎಂದ ಕಿಜಿಮಾ.

5.10ಕ್ಕೆ ಹಿರಾಗುಚಿ ಬಂದರು. ಬಂಧನದ ವಿಷಯವನ್ನೂ ಕಿಜಿಮಾನ ಹೇಳಿಕೆಯನ್ನೂ ತಿಳಿಸಿ, ಸುಗೆನೊ ಮೆಲ್ಲಗೆ ಹೇಳಿದ: "ಯಾರು ಕೇಳ್ಕೊಂಡ್ರು ಅಂತ ಅವನು ಹೇಳ್ತಿಲ್ಲ. ಹೇಳೋ ಹಾಗೂ ಕಾಣಲ್ಲ."

ಹಿರಾಗುಚಿ ಕುರ್ಚಿ ಎಳೆದುಕೊಂಡು ಕೂತರು.

"ಕಿಜಿಮಾ ನನ್ನ ಕೈಕೆಳಗೆ ತಯಾರಾದವನು. ನನ್ನ ಮಾತು ತೆಗೆದುಹಾಕಲ್ಲ ಅಂತ ಗೊತ್ತಿತ್ತು," ಎಂದರು. "ನನ್ನ ಹೆಂಡತಿ ಸಾಯೋವಾಗ ನಾನು ತಾಲೀಮಿನಲ್ಲಿದ್ದೆ, ಸಾರ್. ಮಗನಿಗೆ ಈ ಬಾಳು ಬೇಡ, ಸಾನ್ಸೋ ಆಗದಿದ್ರೆ ತಾನಾಗೇ ಮನೆಗೆ ಬರ್ತಾನೆ ಅಂದ್ಕೊಂಡೆ. ಅವನು ಬರಲಿಲ್ಲ. ತನ್ನಲ್ಲೇ ಏನೋ ಕಡಿಮೆ ಇದೆ ಅಂದ್ಕೊಂಡೇ ಸತ್ತ."

"ಮತ್ತೆ ಕಲ್ಲಿನ ಮೇಲೆ ಸಾನ್ಸೋ ಅಂತ ಕೆತ್ತಿಸಿದ್ದು?"

"ಜೀವ ಇರೋವಾಗ ತಪ್ಪಿಸಿದ್ದನ್ನ ಕೆತ್ತಿಸಿಯಾದ್ರೂ ಕೊಡೋಣ ಅಂತ."

ಸುಗೆನೊಗೆ ಇಬ್ಬರ ಮೇಲೂ ಸಿಟ್ಟು ಬರಲಿಲ್ಲ, ಸುಸ್ತಾಯಿತು. ಸ್ವತ್ತಿಗೆ ಹಾನಿ ಮಾಡಿದ ಕೇಸು ದೂರುದಾರನ ಕೈಯಲ್ಲಿರುತ್ತದೆ, ಅವನು ದೂರು ಹಿಂತೆಗೆದುಕೊಂಡರೆ ಮುಂದುವರಿಯುವುದಿಲ್ಲ, ಎಂದು ತಿಳಿಸಿ ನಮೂನೆಯನ್ನು ಮುಂದಿಟ್ಟ. ಹಿರಾಗುಚಿ ಪೂರ್ತಿ ಓದದೆ ಸಹಿಯ ಮುದ್ರೆ ಒತ್ತಿದರು. 6.05ಕ್ಕೆ ಕಿಜಿಮಾನನ್ನು ಬಿಟ್ಟರು. ಪಡಸಾಲೆಯಲ್ಲಿ ಇಬ್ಬರೂ ಎದುರಾದರು. ಅಭ್ಯಾಸಬಲದಿಂದ ಕಿಜಿಮಾ ಸೆಲ್ಯೂಟ್ ಹೊಡೆದ. ಹಿರಾಗುಚಿ ಸೊಂಟ ಬಗ್ಗಿಸಿ ವಂದಿಸಿದರು, ತುಂಬ ಹೊತ್ತು ತಲೆ ಎತ್ತಲಿಲ್ಲ.

ವಶಪಡಿಸಿಕೊಂಡಿದ್ದ ಬಿಲ್ಲೆಗಳನ್ನು ಹಿಂದಿರುಗಿಸುವುದು ಬಾಕಿ ಇತ್ತು. ಎರಡೂ ಮಗನವೇ ಆದ್ದರಿಂದ ಮಿಗಿತಾ ರಸೀದಿಯನ್ನು ತಂದೆಯ ಮುಂದಿಟ್ಟಳು. "ವಸ್ತುವಿನ ವಿವರ, ಮಾಲೀಕರ ಹೆಸರು, ನೀವೇ ಬರೀಬೇಕು."

ಹಿರಾಗುಚಿ ಎರಡೂ ಬಿಲ್ಲೆಗಳನ್ನು ಪಕ್ಕಪಕ್ಕ ಜೋಡಿಸಿಟ್ಟರು. ಆಮೇಲೆ ಬರೆದರು: ಮೂರು ಪಟ್ಟಿಯ ಬಿಲ್ಲೆ, ಒಂದು ಜೋಡಿ. ಶಿಚೋ ಹಿರಾಗುಚಿ ನಾವೊಯಾ.