ಮಾನಮ್ಮನ ಅವರೆ ಸಾಲು

ಸೋಮವಾರ ಬೆಳಿಗ್ಗೆ ಕಮಲಾಪುರದ ಪ್ರಯೋಗದ ಹೊಲಕ್ಕೆ ಹೋದಾಗ ಮಾನಮ್ಮನ ಅವರೆ ಸಾಲು ಪೂರ್ತಿ ಸತ್ತಿತ್ತು. ಹೋದ ವಾರ ನಾನೇ ನೋಡಿದ್ದೆ. ಬರದ ಪರೀಕ್ಷೆಗೆಂದು ನೀರು ನಿಲ್ಲಿಸಿದ ಮೇಲೆ ನಮ್ಮ ಹಿರಿಯ ವಿಜ್ಞಾನಿ ಅಮರನಾಥರ ತಳಿಯೂ ಸೇರಿ ಎಲ್ಲವೂ ಬಾಡಿದ್ದವು. ಹಸಿರಾಗಿ ಹೂ ಬಿಟ್ಟದ್ದು ಅದೊಂದೇ!

ಬರ ತಡೆಯುವ ಅವರೆ ಹುಡುಕಿ, ಅದರಿಂದ ಹೊಸ ತಳಿ ಬೆಳೆಸುವುದು ನಮ್ಮ ಕೆಲಸ. ಮಹಾಗಾಂವದ ಮಾನಮ್ಮ ಮನೆಯಲ್ಲಿದ್ದ ಕೊನೆಯ ಹಿಡಿ ಬೀಜವನ್ನು ನನ್ನನ್ನು ನಂಬಿ ಕೊಟ್ಟಿದ್ದರು. ಈ ಸಾಲು ಹೋದರೆ ಆ ಅವರೆಯೇ ಇಲ್ಲ.

ಅಮರನಾಥರು ಕಲಬುರಗಿಯಿಂದ ಬಂದು ಒಮ್ಮೆ ಕಣ್ಣು ಹಾಯಿಸಿದರು. "ಬರಾ ತಡೀಲಿಲ್ಲ, ವಿದ್ಯಾವತಿ. ಕಿತ್ತ್ ಹಾಕಸ್ರಿ." ಅಷ್ಟೇ! ನನ್ನ ಮೈಯೆಲ್ಲ ಉರಿಯಿತು.

ಕಲಬುರಗಿ ಗಾಜಿಪುರದ ಗೆಳತಿ ಪಂಚಶೀಲಾಗೆ ಫೋನ್ ಮಾಡಿದೆ. ಬೆಳೆ ವಿಮೆಯ ಸುಳ್ಳು ಅರ್ಜಿ ಹಿಡಿಯುವುದೇ ಅವಳ ಉದ್ಯೋಗ. ಮಧ್ಯಾಹ್ನದ ಬಸ್ಸಿಗೆ ಬಂದಳು. ಸುದ್ದಿ ತಿಳಿದು ಮಾನಮ್ಮನೂ ಟೆಂಪೋ ಹತ್ತಿ ಬಂದಿದ್ದರು. ಅಮರನಾಥರು ಇನ್ನೂ ಹೊಲದಲ್ಲೇ ಇದ್ದರು.

"ಹೊಲದ ಗೇಟಿನ ಬೀಗದ ಕೈ ಯಾರ ಹತ್ರ ಅದ?" ಪಂಚಶೀಲಾ ಕೇಳಿದಳು.

"ನನ್ನ ಹತ್ರ ಒಂದು, ಅಮರನಾಥ ಸಾಹೇಬ್ರ ಹತ್ರ ಒಂದ್ರಿ," ಎಂದ ಕಾವಲುಗಾರ ದತ್ತಪ್ಪ. "ನಾ ಎರಡ ದಿನ ಮದುವಿಗೆ ಹೋಗಿದ್ದೆ, ನನ್ನ ಕೈ ನನ್ನ ಜೋಡೀನೇ ಇತ್ತು."

"ಹೊರಗಿನವ್ರು ಯಾರರ ಬಂದಿದ್ರೇನು?"

"ಬೀಜದ ಕಂಪನಿ ಸುಧಾಕರ ಬಂದಿದ್ದರಿ. ಈ ಅವರಿ ಬೀಜ ಕೊಡು ಅಂತ ಗಂಟುಬಿದ್ದಿದ್ದ. ಒಳಗ ಬಿಡಲಿಲ್ಲ."

"ಅವನೇ!" ಎಂದೆ ನಾನು.

"ಬೀಜ ಬೇಕಾದವ ಗಿಡಾ ಯಾಕ ಕೊಲ್ತಾನ?" ಎಂದು ಪಂಚಶೀಲಾ ಅಮರನಾಥರತ್ತ ತಿರುಗಿದಳು. "ಸರ್, ಇವು ಹೆಂಗ ಸತ್ವು?"

"ಬರಕ್ಕ ಸಾಯೋ ಹಂಗ ಸತ್ವು! ನಡುವ ಒಂದಿನ, ದತ್ತಪ್ಪ ಮದುವಿಗೆ ಹೋದಾಗ, ಬಂದಿದ್ದೆ. ಕೆಳಗಿನ ಎಲಿ ಹಳದಿ ಆಗಿ ಉದುರಲಾಕತ್ತಿದ್ವು."

"ಕಣ್ಣಾರೆ ನೋಡೀರಿ?"

"ನೋಡೀನಿ ಅಂದ್ನಲ್ಲ!"

ಪಂಚಶೀಲಾ ನೆಲಕ್ಕೆ ಕುಳಿತಳು. "ಹಂಗಾರ ಉದುರಿದ ಎಲಿ ಎಲ್ಲವ?"

ಸುತ್ತಲೂ ಬಲೆ, ಗಾಳಿ ಹೊತ್ತೊಯ್ಯುವ ಮಾತಿಲ್ಲ. ಉಳಿದ ಸಾಲುಗಳ ಬುಡದಲ್ಲಿ ತರಗು ಬಿದ್ದಿತ್ತು. ಮಾನಮ್ಮನ ಸಾಲಿನ ಬುಡದಲ್ಲಿ ಒಂದೆಲೆಯೂ ಇರಲಿಲ್ಲ. ಎಲ್ಲವೂ ಕಂದಾಗಿ ಗಿಡದಲ್ಲೇ ಜೋತಾಡುತ್ತಿದ್ದವು. ಎಲೆ ಎಣಿಸುವುದೇ ಕೆಲಸವಾದ ನಾನೇ ಇದನ್ನು ಗಮನಿಸಿರಲಿಲ್ಲ!

ಪಂಚಶೀಲಾ ಸಾಲಿನ ಬುಡಕ್ಕೆ ಕೈ ತೋರಿಸಿದಳು. "ಇಲ್ಲಿ ಕರಕಿ ಹುಲ್ಲು ನೋಡ್ರಿ. ಬಾಜೂ ಸಾಲಿನಾಗ ಹಸರ ಅದ, ಇಲ್ಲಿ ಸುಟ್ಟದ. ಬರಾ ಬರೇ ಒಂದ ಸಾಲಿನ ಹುಲ್ಲಿಗೆ ಬರ್ತದೇನು? ಕಳೆ ಸುಡೋ ವಿಷದ ಎಣ್ಣಿ ಹೊಡದಾರ. ಎಣ್ಣಿ ಬಿದ್ದ ಗಿಡ ನಿಂತಲ್ಲೇ ಸುಡ್ತದ, ಎಲಿ ಉದುರಸೂದಿಲ್ಲ. ಉದುರದ ಎಲಿ ಉದುರ್ತು ಅಂದವ್ರು ನೀವು. ದತ್ತಪ್ಪ ಇಲ್ಲದಾಗ ಬೀಗಾ ತಗದವ್ರೂ ನೀವೇ, ಅಮರನಾಥ ಸರ್!"

ಅಮರನಾಥರ ಮುಖ ಕಪ್ಪಿಟ್ಟಿತು. "ಇಷ್ಟ ವರ್ಷ ಕಷ್ಟಪಟ್ಟು ಬೆಳಸಿದ ತಳಿ ನಂದು... ಒಂದು ಹಿತ್ತಲ ಅವರಿ ಮುಂದ ಸೋತ್ರ—"

"ಅದರ ಜೋಡಿ ಸಂಕರ ಮಾಡಿದ್ರ ನಿಮ್ಮ ತಳೀನೂ ಬದುಕ್ತಿತ್ತಲ್ರೀ!" ನಾನು ಕೂಗಿಯೇಬಿಟ್ಟೆ. ನಾಚಿಕೆಗೇಡು! ಊರಿಗೆಲ್ಲ ಬರ ಬಂದಾಗ ಉಣ್ಣಿಸಬೇಕಿದ್ದ ಬೀಜ!

ಮಾನಮ್ಮ ಸುಟ್ಟ ಹೂಗೊಂಚಲನ್ನು ಸೆರಗಿಗೆ ಹಾಕಿಕೊಂಡು ಅಮರನಾಥರ ಎದುರು ನಿಂತರು.

"ನಮ್ಮತ್ತಿ ಕೈಯಿಂದ ಬಂದ ಬೀಜ, ಸಾಹೇಬಾ. ಎಂಥಾ ಬರಾ ಬಂದ್ರೂ ಸತ್ತಿದ್ದಿಲ್ಲ. ಉಳಸ್ತೀರಂತ ನಿಮಗ ಕೊಟ್ಟೆ."