ಉಸಿರಿನ ಅಳತೆ

ಕಡಲು ಸೇರುವ ಕೆಮ್ಮಣ್ಣಿನ ಹೊಳೆಯಲ್ಲಿ ಮುಳುಗಿ, ಸುಣ್ಣಕ್ಕೆ ಸುಡುವ ಚಿಪ್ಪು ತೆಗೆಯಲು ಹೊಸಬರಿಗೆ ಕಲಿಸುವಾಗ ನನ್ನದೊಂದು ಹಟ ಇತ್ತು. ಅವರ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು, ದೋಣಿಯಲ್ಲಿ ಕೂತು ನಾನೂ ಉಸಿರು ಕಟ್ಟುತ್ತಿದ್ದೆ. ನನಗೆ ತಡೆಯಲಾಗದಾಗ ಅವರನ್ನು ಎಳೆಯುತ್ತಿದ್ದೆ.

೧೯೫೮ರ ಬೇಸಿಗೆಯಲ್ಲಿ ಹೊಸ ಹುಡುಗ ಎಡ್ಮಂಡ್ ಮೊದಲ ಸಲ ಮುಳುಗಿದ. ಬಿಸಿಲಲ್ಲೂ ಹಗ್ಗ ತಣ್ಣಗಾಗುತ್ತಾ ಬಂತು. ಉಸಿರು ಕಟ್ಟಿದ್ದರೂ ನನ್ನ ಎದೆ ಮಾತ್ರ ಬಿಗಿಯಲೇ ಇಲ್ಲ. ಆರಾಮಾಗಿ ಕೂತೇ ಇದ್ದೆ.

"ಶೀನಣ್ಣಾ, ಎಷ್ಟು ಹೊತ್ತಾಯ್ತು! ಎಳೆಯಿರಿ!" ದೋಣಿಯಲ್ಲಿದ್ದ ಅವನ ಅಕ್ಕ ಜೆರ್ಟ್ರೂಡ್ ಚೀರಿದಳು.

ಗಾಬರಿಯಿಂದ ಎಳೆದೆ. ಎಡ್ಮಂಡ್ ಏದುಸಿರೂ ಇಲ್ಲದೆ ಮೇಲೆ ಬಂದ.

"ಹೆದರಿಕೆಯೇ ಆಗಲಿಲ್ಲ ಶೀನಣ್ಣ. ಅಡಿಯಲ್ಲಿ ನೀವು ನನ್ನ ಕೈ ಹಿಡಿದೇ ಇದ್ದಿರಲ್ಲ" ಎಂದ.

ನಾನು ದೋಣಿಯಿಂದ ಇಳಿದೇ ಇರಲಿಲ್ಲ. ಹಾಗೆನ್ನಲು ಬಾಯಿ ತೆರೆದೆ. ಬಾಯಿ ತುಂಬ ಇದ್ದ ಹೊಳೆಯ ಉಪ್ಪುನೀರು ಮಡಿಲಿಗೆ ಸುರಿಯಿತು.