ಮೊದಲ ಶನಿವಾರದ ಫೋನು

ಬಣಕಲ್ಲಿನ ಮೆಕ್ಯಾನಿಕ್ ನಿಯಾಜ್ ಕೈಯಿಟ್ಟರೆ, ಹತ್ತು ವರ್ಷ ಕೋಳಿಗೂಡಾಗಿದ್ದ ಜೀಪೂ ಎರಡು ಸಲ ಕೆಮ್ಮಿ, ಮೊಟ್ಟೆ ಉದುರಿಸಿಕೊಂಡು ದೇವರಮನೆ ಗುಡ್ಡ ಹತ್ತುತ್ತಿತ್ತು. ಅಂಥವನು ತಿಂಗಳ ಮೊದಲ ಶನಿವಾರ ನಾಲ್ಕು ಗಂಟೆಗೆ ಮಾತ್ರ ಯಾರ ಜೀಪನ್ನೂ ಮುಟ್ಟುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ಕೈ ತೊಳೆದು, ತಲೆ ಬಾಚಿ, ಅತ್ತರು ಹಚ್ಚಿ ಕೂರುತ್ತಿದ್ದ. ಬರುವುದು ಒಂದು ಫೋನು. ಅದೂ ವಿಡಿಯೋ ಕಾಲ್ ಅಲ್ಲ.

"ಅತ್ತರಿನ ವಾಸನೆ ಮಂಗಳೂರಿಗೆ ಮುಟ್ತದಾ ಮಗಾ?" ಎಂದು ತಾಯಿ ಜೊಹರಾ ಕೇಳುತ್ತಿದ್ದರು.

ಫೋನು ಡಾಕ್ಟರ್ ಕೈನಾತ್‌ಳದು. ಆಲ್ದೂರಿನ ಹುಡುಗಿ. ಮಂಗಳೂರಿನಲ್ಲಿ ಹೃದಯದ ಗೆಡ್ಡೆ, ಮೆದುಳಿನ ರಕ್ತನಾಳಗಳ ಮೇಲೆ ಸಂಶೋಧನೆ ಮಾಡಿ ಹನ್ನೊಂದು ಪೇಪರ್ ಪ್ರಕಟಿಸಿದ್ದಳು. ಎರಡು ವರ್ಷದ ಹಿಂದೆ ನಿಯಾಜನ ಬಲಗೈ ಸ್ಪ್ಯಾನರ್ ಬಿಟ್ಟು ಸುಮ್ಮನಾದಾಗ, ಕಾರಣ ಹೃದಯದಲ್ಲಿದೆ ಎಂದು ಕಂಡುಹಿಡಿದವಳು ಅವಳೇ.

"ಸಿಪ್ಪೆ ಸುಲಿದು ಪಲ್ಪ್ ಮಾಡಿದ ಕಾಫಿ ಬೀಜಕ್ಕೆ ಲೋಳೆ ಇರ್ತದಲ್ಲ, ಹಂಗಿರೋ ಗೆಡ್ಡೆ. ಅದರ ಚೂರು ಮೆದುಳಿಗೆ ಹೋಗಿದೆ. ಗೆಡ್ಡೆ ತೆಗೆದ್ರೂ ಮುಂದೆ ಮೆದುಳಲ್ಲಿ ರಕ್ತನಾಳ ಉಬ್ಬಬಹುದು. ಪ್ರತಿ ತಿಂಗಳು ಫೋನ್ ಮಾಡ್ತೇನೆ. ನಿಜ ಹೇಳ್ಬೇಕು."

ಆಪರೇಷನ್ನಿನಲ್ಲಿ ಗೆಡ್ಡೆ ಹೋಯಿತು. ಜಾಗ ಖಾಲಿ ಬಿಡುವುದು ಮೆಕ್ಯಾನಿಕ್ಕಿಗೆ ಒಗ್ಗದ ಕೆಲಸ. ಅಲ್ಲಿ ಕೈನಾತ್‌ಳನ್ನು ಕೂರಿಸಿಕೊಂಡ.

"ತಲೆನೋವು?"

"ಇಲ್ಲ ಡಾಕ್ಟ್ರೇ."

"ಕಣ್ಣು ಮಂಜು?"

"ಇಲ್ಲ."

"ಸೂಪರ್, ನಿಯಾಜ್!"

ಆ 'ಸೂಪರ್' ಅವನಿಗೆ ಮುಂದಿನ ತಿಂಗಳ ಶನಿವಾರದವರೆಗೂ ಸಾಕಾಗುತ್ತಿತ್ತು. ಹದಿನಾರನೇ ತಿಂಗಳಲ್ಲಿ ನಿಜವಾಗಿಯೂ ತಲೆನೋವು ಶುರುವಾಯಿತು. ಹೇಳಿದರೆ ಆ ದನಿ ಬಾಡುತ್ತದೆ ಎಂದು ಹೇಳಲಿಲ್ಲ. ಕೊಯ್ಲಿನ ಸಮಯ, ಎಸ್ಟೇಟ್ ಜೀಪುಗಳ ಕೆಲಸ ಎಂದು ಸ್ಕ್ಯಾನನ್ನೂ ತಪ್ಪಿಸಿಕೊಂಡ.

ಇಪ್ಪತ್ನಾಲ್ಕನೇ ತಿಂಗಳು ಫೋನು ಬರಲಿಲ್ಲ. ಅವಳೇ ಬಂದಳು, ಕೈಯಲ್ಲಿ ನಾಲ್ಕು ಹಾಳೆ.

"ನಿಮ್ಮ ಕಾಯಿಲೆ ಬಗ್ಗೇನೇ ಪೇಪರ್. ಹೆಸರಿಲ್ಲ. 'ಮೂವತ್ನಾಲ್ಕು ವರ್ಷದ ಗಂಡಸು' ಅಂತಿದೆ."

"ಗಂಡಸು ಅಂತಾದ್ರೂ ಬರೆದ್ರಲ್ಲ."

ಅವಳು ದುಪಟ್ಟಾದ ಅಂಚಿನಿಂದ ಬಾಯಿ ಮುಚ್ಚಿ ನಕ್ಕಳು. ಕಣ್ಣು ಮುಚ್ಚಲು ಮರೆತಿದ್ದಳು. ನಿಯಾಜ್ ಅವನ್ನೇ ನೋಡಿದ. ಆಮೇಲೆ ಅವಳು ಕೊನೆಯ ಸಾಲನ್ನು ಕನ್ನಡದಲ್ಲಿ ಹೇಳಿದಳು: "'ಎರಡು ವರ್ಷಗಳ ನಂತರ ರೋಗಿಗೆ ಯಾವ ತೊಂದರೆಯೂ ಇಲ್ಲ.' ಫಾಲೋಅಪ್ ಮುಗೀತು ನಿಯಾಜ್. ಇನ್ಮೇಲೆ ಫೋನ್ ಬೇಡ."

ಎರಡು ವರ್ಷ ಅತ್ತರು ಹಚ್ಚಿದ್ದು ಫಾಲೋಅಪ್ಪಿಗೆ ಎಂದು ಅವನಿಗೆ ಆಗ ತಿಳಿಯಿತು.

"ತಲೆನೋವುಂಟು," ಅಂದ. "ಎಂಟು ತಿಂಗಳಾಯ್ತು."

"ಫೋನ್ ನಿಲ್ಲಬಾರ್ದು ಅಂತ ಸುಳ್ಳು ಹೇಳ್ತಿದ್ದೀರಾ?"

"ಇಷ್ಟು ದಿನ ಹೇಳಿದ್ದು ಸುಳ್ಳು. ನೀವು ಸೂಪರ್ ಅನ್ನೋದು ಕೇಳ್ಲಿಕ್ಕೆ. ನಂಗೆ ನೀವಂದ್ರೆ..."

"ಮಾರಾಯಾ, ನಿಂಗೆ ಬುದ್ಧಿ ಇಲ್ವಾ? ಸತ್ತೇ ಹೋಗ್ತಿದ್ದೆ!"

ಅವಳು 'ನೀನು' ಅಂದದ್ದು ಅದೇ ಮೊದಲು. ಮೂರ್ಖನಿಗೆ ಅದೂ ಹಿತವಾಗಿತ್ತು.

ಸ್ಕ್ಯಾನಿನಲ್ಲಿ ಮೂರು ನಾಳ ಉಬ್ಬಿದ್ದವು. ಎರಡನ್ನು ಸರಿಮಾಡಿದರು. ಮೂರನೆಯದು ಕೈಹಾಕಲಾಗದ ಜಾಗದಲ್ಲಿತ್ತು.

"ಇನ್ಮೇಲೆ ನಮ್ಮಲ್ಲಿನ ಡಾಕ್ಟರ್ ಅಭಿರಾಮ ಫೋನ್ ಮಾಡ್ತಾರೆ," ಎಂದಳು ವಾರ್ಡಿನಲ್ಲಿ. "ನಿಮ್ಮ ಸ್ಕ್ಯಾನ್ ಹಿಡ್ಕೊಂಡಾಗ ನನ್ನ ಕೈ ನಡುಗ್ತು. ಹಂಗೆ ಕೈ ನಡುಗೋರು ನಿಮ್ಮನ್ನ ನೋಡ್ಬಾರ್ದು."

"ಡಾಕ್ಟ್ರಾಗಿ ಬೇಡ. ಮನೆಯವಳಾಗಿ ಬನ್ನಿ."

ಕೈನಾತ್ ಸ್ಕ್ಯಾನನ್ನು ಲಕೋಟೆಗೆ ಸೇರಿಸಿದಳು. "ನೀವು ಚೆನ್ನಾಗಿದ್ದೇನೆ ಅಂದ್ರೆ ನಂಬ್ಲಿಕ್ಕೆ ಇನ್ನು ನಂಗೆ ದಿನಾ ಸ್ಕ್ಯಾನ್ ಬೇಕಾಗ್ತದೆ, ನಿಯಾಜ್. ಹಂಗೆ ಸಂಸಾರ ಮಾಡ್ಲಿಕ್ಕಾಗಲ್ಲ."

ಮೂರು ತಿಂಗಳಿಗೆ ಅಂಚೆಯಲ್ಲಿ ಒಂದು ಹಾಳೆ ಬಂತು. ಪೇಪರಿನ ತಿದ್ದುಪಡಿ. ಕೆಳಗೆ ಅವಳೇ ಕನ್ನಡದಲ್ಲಿ ಬರೆದಿದ್ದಳು: 'ರೋಗಿಯು ತಲೆನೋವನ್ನು ಮುಚ್ಚಿಟ್ಟಿದ್ದನು. ಕಾರಣ ತಿಳಿದುಬಂದಿಲ್ಲ.' ಕೊನೆಯ ಎರಡು ಪದಗಳ ಅಕ್ಷರಗಳು ಮಾತ್ರ ಸೊಟ್ಟಗಿದ್ದವು.

ಆ ತಿಂಗಳ ಮೊದಲ ಶನಿವಾರ ನಾಲ್ಕಕ್ಕೆ ಫೋನು ಬಂತು. ನಿಯಾಜ್ ಗ್ರೀಸ್ ಕೈಯಲ್ಲೇ ಎತ್ತಿದ.

"ತಲೆನೋವು?" ಎಂದರು ಅಭಿರಾಮ.

"ಉಂಟು ಡಾಕ್ಟ್ರೇ."

ನಿಜ ಹೇಳುವುದು ಈಗ ಬಹಳ ಸುಲಭವಾಗಿತ್ತು.